ನಿಮ್ಮ ಮ್ಯಾಟ್ ಮೇಲಿರೋ ಮೈಸೂರು: ಈ ಯೋಗ ಯಾರಿಗಾಗಿ ಕಟ್ಟಿದ್ದು?

ಇವತ್ತಿನ ಸಂಚಿಕೆ ಯೋಗದ ಇತಿಹಾಸದ ಬಗ್ಗೆ. ಇಡೀ ಇತಿಹಾಸ ಬೇಡ, ಅದು ಒಂದು ಸಂಚಿಕೆಗೆ ಮುಗಿಯೋದಲ್ಲ. ನಾನು ಹೇಳೋಕೆ ಹೊರಟಿರೋದು ಒಂದು ಊರು, ಒಬ್ಬ ಮೇಷ್ಟ್ರು, ಅವರ ಮೂವರು ಶಿಷ್ಯರ ಕಥೆ.

ಮೊದಲು ನಿಮ್ಮ ಫೋನಿಂದಲೇ ಶುರು ಮಾಡೋಣ. ಯಾವುದಾದರೂ ಯೋಗ ಆ್ಯಪ್ ತೆರೆಯಿರಿ. ಕೈ ಮೇಲೆತ್ತುತ್ತಾ ಉಸಿರು ಒಳಗೆ ತಗೊಳ್ಳಿ, ಬಿಡುತ್ತಾ ಮುಂದಕ್ಕೆ ಬಗ್ಗಿ, ಕಾಲು ಹಿಂದಕ್ಕೆ ಹಾರಿಸಿ, ಎದೆ ಎತ್ತಿ, ಆಮೇಲೆ ಸೊಂಟ ಮೇಲೆತ್ತಿ ಅಧೋಮುಖ ಶ್ವಾನಾಸನ. ಹೀಗೆ ಉಸಿರಿಗೆ ಚಲನೆಯನ್ನ ಜೋಡಿಸಿ ಒಂದು ಆಸನದಿಂದ ಇನ್ನೊಂದಕ್ಕೆ ಹೋಗೋದಕ್ಕೆ ವಿನ್ಯಾಸ ಅಂತ ಹೆಸರು. ಫ್ಲೋ ಯೋಗ, ಪವರ್ ಯೋಗ ಅಂತ ಬೋರ್ಡ್ ಹಾಕಿರ್ತಾರಲ್ಲ, ಅವೆಲ್ಲ ಇದೇ ಮನೆತನದವು. ಜೊತೆಗೆ ಒಂದು ಸಾಲು ಇದ್ದೇ ಇರುತ್ತೆ: 5000 ವರ್ಷ ಹಳೆಯ ವಿದ್ಯೆ.

ಯೋಗ ಹಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಕ್ರಮ, ಅಂದರೆ ಬೆವರು ಹರಿಸಿ ಹಾರಿ ಬಗ್ಗಿ ನಿಂತು ಮಾಡೋ ಈ ಒಂದು ಗಂಟೆಯ ಅಭ್ಯಾಸ, ಈಗಿರೋ ರೂಪಕ್ಕೆ ಬಂದಿದ್ದು ಹೆಚ್ಚುಕಮ್ಮಿ 90 ವರ್ಷಗಳ ಹಿಂದೆ. ಜಾಗ ಮೈಸೂರಿನ ಜಗನ್ಮೋಹನ ಅರಮನೆ. ಅಲ್ಲಿ ಕಲಿಯೋಕೆ ಬರ್ತಿದ್ದವರಲ್ಲಿ ಹೆಚ್ಚಿನವರು ಹರೆಯದ ಹುಡುಗರು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹಳೆಯ ಗ್ರಂಥಗಳಲ್ಲಿ ಏನಿತ್ತು ಅಂತ ಒಂದು ಸಲ ನೋಡಿಬಿಡೋಣ. ಪತಂಜಲಿಯ ಯೋಗಸೂತ್ರದಲ್ಲಿ ಇರೋದು ಸುಮಾರು 195 ಸೂತ್ರಗಳು. ಅದರಲ್ಲಿ ಆಸನದ ಬಗ್ಗೆ ನೇರವಾಗಿ ಹೇಳೋದು ಮೂರು ಸೂತ್ರ ಮಾತ್ರ. ಕೂರುವ ಭಂಗಿ ಅಲುಗಾಡದೆ ಇರಬೇಕು, ಹಿತವಾಗಿಯೂ ಇರಬೇಕು ಅನ್ನೋದು ಅದರ ತಿರುಳು. ಉಳಿದದ್ದೆಲ್ಲ ಮನಸ್ಸಿನ ಕೆಲಸ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ ಅಂತ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಬೇರೆಯವರ ಜೊತೆ ಹೇಗಿರಬೇಕು, ನಮ್ಮ ಜೊತೆ ನಾವು ಹೇಗಿರಬೇಕು ಅನ್ನೋದು ಅದಕ್ಕೂ ಮೊದಲು ಬರುತ್ತೆ. ಆಸನ ಆದಮೇಲೆ ಉಸಿರು, ಉಸಿರಾದಮೇಲೆ ಗಮನ.

ಅಲ್ಲಿಂದ ಸುಮಾರು ಸಾವಿರ ವರ್ಷ ಮುಂದಕ್ಕೆ ಬಂದರೆ, 15ನೇ ಶತಮಾನದ ಹಠಯೋಗ ಪ್ರದೀಪಿಕಾ. ಅದರಲ್ಲಿ ವಿವರಿಸಿರೋದು 15 ಆಸನ, ಅದರಲ್ಲೂ ಹೆಚ್ಚಿನವು ಕೂತು ಮಾಡುವಂಥವು. ಅದಕ್ಕಿಂತ ಈಚಿನ ಘೇರಂಡ ಸಂಹಿತೆಯಲ್ಲಿ 32. ಆಮೇಲೆ ಬರುತ್ತೆ ನಮ್ಮ ಮೈಸೂರು. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಅನ್ನೋ ದೊಡ್ಡ ಗ್ರಂಥದಲ್ಲಿ ಒಮ್ಮೆಲೇ 122 ಆಸನಗಳ ಬಣ್ಣದ ಚಿತ್ರಗಳಿವೆ. ಹಗ್ಗ ಹಿಡಿದು ಮಾಡೋ ಭಂಗಿಗಳೂ ಇವೆ. ಅಂದರೆ ಯೋಗ ಯಾವ ಕಾಲದಲ್ಲೂ ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಇರಲಿಲ್ಲ. ಬೆಳೀತಾ, ಬದಲಾಗ್ತಾ ಬಂದಿತ್ತು. ಅದರಲ್ಲಿ ಮೈಸೂರು ಅರಮನೆಗೆ ಮೊದಲಿಂದಲೂ ಒಂದು ಕೈ ಇತ್ತು.

ಈಗ ಮೇಷ್ಟ್ರ ಕಥೆ. ತಿರುಮಲೈ ಕೃಷ್ಣಮಾಚಾರ್ಯ. ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂತು. ಪರಕಾಲ ಮಠದಲ್ಲಿ ಓದು, ಆಮೇಲೆ ಕಾಶಿ. ಸಂಸ್ಕೃತ, ತರ್ಕ, ವೇದಾಂತ, ಆಯುರ್ವೇದ ಎಲ್ಲ ಕಲಿತರು. ಹಿಮಾಲಯದ ಆಚೆ ರಾಮಮೋಹನ ಬ್ರಹ್ಮಚಾರಿ ಅನ್ನೋ ಗುರುವಿನ ಹತ್ತಿರ ಏಳೂವರೆ ವರ್ಷ ಯೋಗ ಕಲಿತೆ ಅಂತ ಅವರೇ ಹೇಳ್ತಿದ್ದರು.

ಇಷ್ಟೆಲ್ಲ ಓದಿದ ಮನುಷ್ಯ ಊರಿಗೆ ಬಂದು ಏನು ಮಾಡಿದರು ಗೊತ್ತಾ? ಮದುವೆಯಾಗಿ, ಹೊಟ್ಟೆಪಾಡಿಗೆ ಕಾಫಿ ತೋಟದಲ್ಲಿ ಮೇಲ್ವಿಚಾರಕನ ಕೆಲಸಕ್ಕೆ ಸೇರಿದರು. 1920ರ ದಶಕದಲ್ಲಿ ಯೋಗ ಕಲಿಸ್ತೀನಿ ಅಂದರೆ ಸಂಬಳ ಕೊಡೋರು ಯಾರು? ಯೋಗ ಅಂದರೆ ಸನ್ಯಾಸಿಗಳದು, ಸಂಸಾರಸ್ಥರಿಗೆ ಅಲ್ಲ ಅನ್ನೋ ಭಾವನೆ ಆಗ ಗಟ್ಟಿಯಾಗಿತ್ತು. ಬಿಡುವಾದಾಗ ಅವರು ಊರೂರಿಗೆ ಹೋಗಿ ಉಪನ್ಯಾಸ, ಆಸನ ಪ್ರದರ್ಶನ ಮಾಡ್ತಿದ್ದರು.

ಅವರ ಕೈ ಹಿಡಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. 1931ರ ಹೊತ್ತಿಗೆ ಕೃಷ್ಣಮಾಚಾರ್ಯರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸೋಕೆ ಶುರು ಮಾಡಿದರು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆಗೆ ಜಾಗ ಸಿಕ್ಕಿತು. ಇವತ್ತು ನಾವು ಚಿತ್ರಕಲೆ ನೋಡೋಕೆ ಹೋಗ್ತೀವಲ್ಲ, ಅದೇ ಅರಮನೆ. ನಾನು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೀನಿ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ ಸಾಲು ನಿಂತಿರ್ತಾರೆ. ನ್ಯೂಯಾರ್ಕಲ್ಲಿ, ಬರ್ಲಿನ್ನಲ್ಲಿ ಜನ ಬೆಳಗ್ಗೆ ಎದ್ದು ಮಾಡೋ ಯೋಗ ಇದೇ ಆವರಣದಿಂದ ಹೊರಟಿದ್ದು ಅನ್ನೋದು ಹೆಚ್ಚಿನವರಿಗೆ ಹೊಳೆಯೋದೇ ಇಲ್ಲ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಎಲ್ಲ ಕಡೆ ವ್ಯಾಯಾಮದ ಹುಮ್ಮಸ್ಸು. ಬ್ರಿಟಿಷರು ನಮ್ಮನ್ನ ದುರ್ಬಲರು ಅಂತಾರೆ, ನಾವು ದೇಹ ಕಟ್ಟಬೇಕು ಅನ್ನೋ ಹಟ. ಬೆಂಗಳೂರಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸ್ತಿದ್ದರು. ಹೌದು, ಶಾಂತಲಾ ಕಾದಂಬರಿ ಬರೆದ ಅದೇ ಕೆ.ವಿ. ಅಯ್ಯರ್. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಸೂರ್ಯನಮಸ್ಕಾರವನ್ನ ಶಾಲೆ ಶಾಲೆಗೂ ಹಬ್ಬಿಸ್ತಿದ್ದರು. ಮೈಸೂರಲ್ಲೂ ಆಗ ಸೂರ್ಯನಮಸ್ಕಾರ ಅಂದರೆ ವ್ಯಾಯಾಮದ ಪಾಠ, ಯೋಗಶಾಲೆಯ ಪಾಠ ಬೇರೆ. ಇವತ್ತು ಎರಡನ್ನೂ ಬಿಡಿಸಿ ನೋಡೋಕೇ ಆಗದ ಹಾಗೆ ಬೆರೆತುಹೋಗಿವೆ.

ಇಂಥ ಗಾಳಿಯಲ್ಲಿ ಕೃಷ್ಣಮಾಚಾರ್ಯರ ಮುಂದೆ ಕೂತಿದ್ದವರು ಅರಸು ಮನೆತನದ ಹುಡುಗರು, ಪಾಠಶಾಲೆಯ ವಿದ್ಯಾರ್ಥಿಗಳು. ಮೈಯಲ್ಲಿ ಕಸುವು, ಒಂದು ಕಡೆ ಕೂರೋಕಾಗದ ವಯಸ್ಸು. ಅಂಥವರಿಗೆ ಹತ್ತು ನಿಮಿಷ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಅಂದರೆ ನಡೆಯುತ್ತಾ? ಆಸನದಿಂದ ಆಸನಕ್ಕೆ ಉಸಿರಿನ ಲೆಕ್ಕದಲ್ಲಿ ಸಾಗುವ, ಹಾರುವ ಕ್ರಮ ಅಲ್ಲಿ ಬೆಳೀತು. ಇದರ ಜೊತೆ ಪ್ರದರ್ಶನದ ಕೆಲಸವೂ ಇತ್ತು. ಅರಮನೆಗೆ ಬಂದ ಅತಿಥಿಗಳ ಮುಂದೆ, ಊರೂರಿನ ಸಭೆಗಳಲ್ಲಿ ಹುಡುಗರು ಆಸನ ಮಾಡಿ ತೋರಿಸಬೇಕಿತ್ತು. ನೋಡುವವರ ಕಣ್ಣು ಅರಳಬೇಕಿತ್ತು. ಯೋಗಕ್ಕೆ ಜನ ಬರಲಿ ಅನ್ನೋದು ಮಹಾರಾಜರ ಆಸೆ, ಮೇಷ್ಟ್ರ ಆಸೆ.

ಇನ್ನೊಂದು ವಿಷಯ ಕನ್ನಡಿಗರಾಗಿ ನಾವು ತಿಳಿದುಕೊಂಡಿರಬೇಕು. ಈ ಪದ್ಧತಿಯನ್ನ ಅವರು ಮೊದಲು ಬರೆದಿಟ್ಟಿದ್ದು ಕನ್ನಡದಲ್ಲಿ. 1934ರಲ್ಲಿ ಯೋಗ ಮಕರಂದ ಬಂತು. 1941ರಲ್ಲಿ ಯೋಗಾಸನಗಳು ಅನ್ನೋ ಪುಸ್ತಕ ಬಂತು. ಎರಡನೆಯದರಲ್ಲಿ ಆಸನಗಳನ್ನ ಮೂರು ಗುಂಪು ಮಾಡಿದ್ದಾರೆ. ಯಾವ ಆಸನಕ್ಕೆ ಎಷ್ಟು ವಿನ್ಯಾಸ, ಉಸಿರನ್ನ ಒಳಗೆ ತಡೀಬೇಕಾ ಹೊರಗೆ ತಡೀಬೇಕಾ ಅಂತ ಕೋಷ್ಟಕವೇ ಇದೆ. ಯೋಗ ಮಕರಂದ 1938ರಲ್ಲಿ ತಮಿಳಿಗೆ ಹೋಯಿತು, ಇಂಗ್ಲಿಷಿಗೆ ಹೋಗಿದ್ದು ಎಷ್ಟೋ ದಶಕ ಆದಮೇಲೆ.

ವಿನ್ಯಾಸದ ಮೂಲ ಯೋಗ ಕೊರುಂಟ ಅನ್ನೋ ಹಳೆಯ ಗ್ರಂಥ ಅಂತ ಕೃಷ್ಣಮಾಚಾರ್ಯರು ಹೇಳ್ತಿದ್ದರು. ಅದರ ಪ್ರತಿ ಇದುವರೆಗೆ ಬೆಳಕಿಗೆ ಬಂದಿಲ್ಲ, ಇರುವೆ ತಿಂದು ಹಾಳಾಯ್ತು ಅನ್ನೋ ಕಥೆ ಶಿಷ್ಯರ ವಲಯದಲ್ಲಿ ಇದೆ. ಇನ್ನೊಂದು ಕಡೆ 1996ರಲ್ಲಿ ನಾರ್ಮನ್ ಸ್ಜೋಮನ್ ಅನ್ನೋ ವಿದ್ವಾಂಸ ಮೈಸೂರು ಅರಮನೆಯ ಯೋಗದ ಬಗ್ಗೆ ಪುಸ್ತಕ ಬರೆದು, ಶ್ರೀತತ್ತ್ವನಿಧಿಯ ಚಿತ್ರಗಳು, ಅರಮನೆಯ ಗರಡಿ ಮತ್ತು ಕಸರತ್ತಿನ ಪರಂಪರೆ, ಇವೆಲ್ಲ ಸೇರಿ ಈ ಪದ್ಧತಿ ರೂಪುಗೊಂಡಿತು ಅಂತ ವಾದಿಸಿದರು. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಇದನ್ನೇ ಇನ್ನಷ್ಟು ಮುಂದಕ್ಕೆ ಒಯ್ದು, ಆ ಕಾಲದ ಜಿಮ್ನಾಸ್ಟಿಕ್ಸ್, ದೇಹದಾರ್ಢ್ಯದ ಪ್ರಭಾವ ತೋರಿಸಿದರು. ಇದಕ್ಕೆ ಒಪ್ಪದವರೂ ಇದ್ದಾರೆ.

ಇದನ್ನ ಕೇಳಿದ ಕೂಡಲೇ ಕೆಲವರಿಗೆ ಕಸಿವಿಸಿ ಆಗುತ್ತೆ. ಹಾಗಾದರೆ ನಮ್ಮ ಯೋಗ ನಕಲಿಯಾ ಅಂತ. ನನಗೆ ಹಾಗೆ ಅನ್ನಿಸೋದಿಲ್ಲ. ಸಂಗೀತ ನೋಡಿ. ಪಿಟೀಲು ಯೂರೋಪಿಂದ ಬಂತು. ಹಾಗಂತ ಪಿಟೀಲಲ್ಲಿ ನುಡಿಸಿದ ಕಲ್ಯಾಣಿ ರಾಗ ನಮ್ಮದಲ್ಲ ಅಂತೀವಾ? ಒಬ್ಬ ಒಳ್ಳೆ ಮೇಷ್ಟ್ರು ತಾನು ಕಲಿತಿದ್ದನ್ನ ಮುಂದೆ ಕೂತಿರೋ ಮಕ್ಕಳಿಗೆ ತಕ್ಕ ಹಾಗೆ ಹೊಂದಿಸಿ ಕೊಟ್ಟರು. ಅದು ಅವರ ಹೆಚ್ಚುಗಾರಿಕೆ. ತೊಂದರೆ ಎಲ್ಲಿ ಅಂದರೆ, ಯಾರಿಗಾಗಿ ಹೊಂದಿಸಿದ್ದು ಅನ್ನೋದನ್ನ ಮರೆತು ನಾವು ಅದನ್ನೇ ಎಲ್ಲರ ಮೇಲೂ ಹೇರಿದಾಗ.

ಈಗ ಮೂವರು ಶಿಷ್ಯರು. ಮೊದಲನೆಯವರು ಕೆ. ಪಟ್ಟಾಭಿ ಜೋಯಿಸ್. ಹಾಸನದ ಹತ್ತಿರದ ಕೌಶಿಕ ಅವರ ಊರು. 1927ರಲ್ಲಿ, 12ನೇ ವಯಸ್ಸಲ್ಲಿ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಶಿಷ್ಯರಾದರು. ಆಮೇಲೆ ಮೈಸೂರಿಗೆ ಬಂದು, ಸಂಸ್ಕೃತ ಪಾಠಶಾಲೆಯಲ್ಲಿ ದಶಕಗಳ ಕಾಲ ಯೋಗ ಕಲಿಸಿದರು. ಆ ಹುರುಪಿನ ವಿನ್ಯಾಸ ಕ್ರಮವನ್ನ ಅಷ್ಟಾಂಗ ವಿನ್ಯಾಸ ಯೋಗ ಅಂತ ಹೆಸರಿಟ್ಟು ಕಾಪಾಡಿಕೊಂಡು ಬಂದವರು ಅವರೇ. ಲಕ್ಷ್ಮೀಪುರದ ಅವರ ಮನೆಗೆ 1960ರ ದಶಕದಿಂದ ವಿದೇಶಿಯರು ಬರೋಕೆ ಶುರು ಮಾಡಿದರು. ಗೋಕುಲಂ ಬಡಾವಣೆ ಇವತ್ತು ಹಾಗಿರೋಕೆ ಅದೇ ಕಾರಣ. 2009ರಲ್ಲಿ ಅವರು ತೀರಿಕೊಂಡರು. ಈ ಕಥೆಯ ನೋವಿನ ಭಾಗವನ್ನೂ ಹೇಳಲೇಬೇಕು. ಆಸನ ಸರಿಪಡಿಸುವ ನೆಪದಲ್ಲಿ ಅನುಚಿತವಾಗಿ ಮುಟ್ಟುತ್ತಿದ್ದರು ಅಂತ ಹಲವು ಶಿಷ್ಯೆಯರು ಅವರ ಮೇಲೆ ಬಹಿರಂಗವಾಗಿ ಆರೋಪ ಮಾಡಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಇದರ ಬಗ್ಗೆ ಸಾರ್ವಜನಿಕವಾಗಿ ಬರೆದು ಕ್ಷಮೆ ಕೇಳಿದರು. ಗುರುವಿನ ಕೈ ನಮ್ಮ ಮೈ ಮೇಲೆ ಬಂದಾಗ ಬೇಡ ಅನ್ನೋ ಹಕ್ಕು ಶಿಷ್ಯರಿಗೆ ಇರಬೇಕು ಅನ್ನೋ ಮಾತು ಯೋಗ ಜಗತ್ತಿನಲ್ಲಿ ಗಟ್ಟಿಯಾಗಿದ್ದು ಇಂಥ ಅನುಭವಗಳಿಂದಲೇ.

ಎರಡನೆಯವರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಊರೂರನ್ನೇ ನುಂಗ್ತಿದ್ದ ಹೊತ್ತಲ್ಲಿ ಹುಟ್ಟಿದ ಮಗು. ಮಲೇರಿಯಾ, ಟೈಫಾಯ್ಡ್, ಕ್ಷಯ, ಒಂದಾದ ಮೇಲೆ ಒಂದು. ಅಕ್ಕ ನಾಮಗಿರಿಯಮ್ಮ ಕೃಷ್ಣಮಾಚಾರ್ಯರ ಹೆಂಡತಿ. ಹಾಗಾಗಿ 1934ರಲ್ಲಿ ಹುಡುಗ ಭಾವನ ಮನೆಗೆ ಬಂದ. ಭಾವ ಬಹಳ ಕಟ್ಟುನಿಟ್ಟು. ಅತಿಥಿಗಳ ಮುಂದೆ ಹನುಮಾನಾಸನ ಮಾಡು, ಅಂದರೆ ಎರಡೂ ಕಾಲು ಮುಂದಕ್ಕೂ ಹಿಂದಕ್ಕೂ ನೇರ ಚಾಚಿ ಕೂರು ಅಂತ ಆಜ್ಞೆ ಮಾಡಿದಾಗ, ತೊಡೆಯ ಹಿಂದಿನ ಸ್ನಾಯು ಹರಿದು ಬಹಳ ಕಾಲ ನರಳಿದ್ದನ್ನ ಅಯ್ಯಂಗಾರ್ ಮುಂದೆ ನೆನಪಿಸಿಕೊಳ್ತಿದ್ದರು. 1937ರಲ್ಲಿ ಅವರನ್ನ ಪುಣೆಗೆ ಕಳಿಸಿದರು. ಅಲ್ಲಿ ತಮ್ಮ ನೊಂದ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹಾರೋದನ್ನ ಕಡಿಮೆ ಮಾಡಿದರು, ಒಂದೊಂದು ಆಸನದಲ್ಲಿ ಹೆಚ್ಚು ಹೊತ್ತು ನಿಂತು, ಪಾದ ಎಲ್ಲಿ, ಮಂಡಿ ಹೇಗೆ, ಭುಜ ಎತ್ತ ಅಂತ ನೋಡಿದರು. ಬಗ್ಗೋಕಾಗದವರಿಗೆ ಇಟ್ಟಿಗೆಯಂಥ ಮರದ ತುಂಡು, ಪಟ್ಟಿ, ಕುರ್ಚಿ, ಹಗ್ಗ ಕೊಟ್ಟರು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಪರಿಚಯ ಆಯಿತು, ಅಲ್ಲಿಂದ ಯೂರೋಪಿನ ಬಾಗಿಲು ತೆರೀತು. 1966ರ ಅವರ ಲೈಟ್ ಆನ್ ಯೋಗ ಇವತ್ತಿಗೂ ಆಸನಗಳ ಕೈಪಿಡಿ.

ಮೂರನೆಯವರು ಇಂದ್ರಾ ದೇವಿ. 1899ರಲ್ಲಿ ರೀಗಾದಲ್ಲಿ ಹುಟ್ಟಿದ ಯುಗೇನಿಯಾ ಪೀಟರ್ಸನ್. ಹೆಂಗಸು, ಅದರಲ್ಲೂ ವಿದೇಶಿ ಹೆಂಗಸು ಅಂತ ಕೃಷ್ಣಮಾಚಾರ್ಯರು ಮೊದಲು ಆಗಲ್ಲ ಅಂದುಬಿಟ್ಟರು. ಮಹಾರಾಜರು ಹೇಳಿದ ಮೇಲೆ ಒಪ್ಪಿ 1930ರ ದಶಕದ ಕೊನೆಯಲ್ಲಿ ಕಲಿಸಿದರು. ಆಕೆ ಶಾಂಘೈನಲ್ಲಿ ಕಲಿಸಿ, 1947ರಲ್ಲಿ ಹಾಲಿವುಡ್‌ಗೆ ಹೋಗಿ ಶಾಲೆ ತೆರೆದರು. ಆಕೆ ಕಲಿಸಿದ ಯೋಗ ಮೃದು, ನಿಧಾನ, ಉಸಿರಿಗೆ ಒತ್ತು. ಬದುಕಿದ್ದು 102 ವರ್ಷ.

ಒಬ್ಬರೇ ಮೇಷ್ಟ್ರು, ಒಂದೇ ಊರು. ಹೊರಗೆ ಬಂದಿದ್ದು ಒಂದಕ್ಕೊಂದು ಹೋಲಿಕೆಯೇ ಇಲ್ಲ ಅನ್ನಿಸೋ ಮೂರು ಯೋಗ. ಯಾಕೆ? ಜೋಯಿಸರಿಗೆ ಸಿಕ್ಕಿದ್ದು ಗಟ್ಟಿಮುಟ್ಟಾದ ಹುಡುಗರ ಪಾಠ. ಅಯ್ಯಂಗಾರ್ ಬಂದಾಗ ರೋಗಿಷ್ಠ. ಇಂದ್ರಾ ದೇವಿಗೆ ಆಗಲೇ ನಲವತ್ತರ ಹತ್ತಿರ.

ಮುಂದೆ ಏನಾಯ್ತು ಕೇಳಿ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಅರಮನೆಯ ಆಶ್ರಯ ಕರಗಿತು. 1950ರಲ್ಲಿ ಯೋಗಶಾಲೆ ಬಾಗಿಲು ಹಾಕಿತು. ಅರುವತ್ತು ದಾಟಿದ ಕೃಷ್ಣಮಾಚಾರ್ಯರು ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಕೆಲಸ ಹುಡುಕಬೇಕಾಯ್ತು. ಕೊನೆಗೆ 1952ರ ಹೊತ್ತಿಗೆ ಮದ್ರಾಸು ಸೇರಿದರು.

ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಪಾಠ ಶುರುವಾಗೋದು ಇಲ್ಲಿ. ಮದ್ರಾಸಲ್ಲಿ ಅವರ ಹತ್ತಿರ ಬಂದವರು ಹಾರುವ ಹುಡುಗರಲ್ಲ. ಪಾರ್ಶ್ವವಾಯು ಹೊಡೆದವರು, ಉಬ್ಬಸದವರು, ವಯಸ್ಸಾದವರು, ಗರ್ಭಿಣಿಯರು, ನಿದ್ದೆ ಬಾರದವರು. ಮೇಷ್ಟ್ರು ಪದ್ಧತಿಯನ್ನೇ ಬದಲಿಸಿದರು. ಒಂದು ಸಲಕ್ಕೆ ಒಬ್ಬರೇ ವಿದ್ಯಾರ್ಥಿ. ನಾಡಿ ನೋಡಿ, ಊಟ ಕೆಲಸ ವಿಚಾರಿಸಿ, ಅವರಿಗಷ್ಟೇ ಅಂತ ಒಂದು ಅಭ್ಯಾಸ. ಮಂಡಿ ಬಗ್ಗಿಸಿ ಮಾಡಬಹುದು, ಮಲಗಿ ಮಾಡಬಹುದು, ಬರೀ ಉಸಿರಾಟ ಮಾಡಬಹುದು.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಎಂಜಿನಿಯರಿಂಗ್ ಓದಿದ್ದವರು. ಯೋಗದ ಕಡೆ ಅಷ್ಟೇನೂ ಒಲವಿರಲಿಲ್ಲ. ಒಂದು ದಿನ ಮನೆ ಮುಂದೆ ಕಾರು ನಿಂತು, ನ್ಯೂಜಿಲೆಂಡಿನ ಒಬ್ಬ ಮಹಿಳೆ ಇಳಿದು ಬಂದು ಸಂಪ್ರದಾಯಸ್ಥ ತಂದೆಯನ್ನ ಎಲ್ಲರೆದುರು ತಬ್ಬಿಕೊಂಡು ಧನ್ಯವಾದ ಹೇಳಿದ್ದನ್ನ ಅವರು ಮುಂದೆ ವಿವರಿಸ್ತಿದ್ದರು. ಎಷ್ಟೋ ವರ್ಷಗಳ ನಂತರ ಹಿಂದಿನ ರಾತ್ರಿ ಆಕೆ ಮಾತ್ರೆ ಇಲ್ಲದೆ ನಿದ್ದೆ ಮಾಡಿದ್ದರಂತೆ. ಮಗ ನೌಕರಿ ಬಿಟ್ಟು ಅಪ್ಪನ ಶಿಷ್ಯರಾದರು. 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದರು. ಕೃಷ್ಣಮಾಚಾರ್ಯರು 1989ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಈಗ ಮೊದಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅಲ್ಲಿಗೆ ಬರೋಣ. ಮೈಸೂರಿನ ಹುಡುಗರ ಪಾಠ ಜಗತ್ತು ಸುತ್ತಿ, ವಿಡಿಯೋ ಆಗಿ, ಆ್ಯಪ್ ಆಗಿ ವಾಪಸ್ ನಮ್ಮ ಫೋನಿಗೆ ಬಂದಿದೆ. ಮದ್ರಾಸಿನ ಪಾಠ ಅಷ್ಟು ಸುಲಭವಾಗಿ ಬರಲಿಲ್ಲ. ಯಾಕೆಂದರೆ ಅದನ್ನ ರೆಕಾರ್ಡ್ ಮಾಡಿ ಎಲ್ಲರಿಗೂ ಒಂದೇ ಸಲ ಕಳಿಸೋಕೆ ಆಗೋದಿಲ್ಲ. ಫೋಟೋದಲ್ಲೂ ಚೆನ್ನಾಗಿ ಕಾಣೋದಿಲ್ಲ. ಒಬ್ಬಜ್ಜಿ ಕುರ್ಚಿಯಲ್ಲಿ ಕೂತು ಕೈ ಎತ್ತಿ ಉಸಿರು ಬಿಡೋದಕ್ಕೆ ಲೈಕ್ ಒತ್ತೋರು ಯಾರು?

ಇದರ ಬೆಲೆ ಏನು ಅಂತ ನಮ್ಮ ಮನೆಯಲ್ಲೇ ನೋಡಿದ್ದೀನಿ. ನಮ್ಮಮ್ಮನಿಗೆ ಮಂಡಿ ನೋವು. "ಯೋಗ ಎಲ್ಲ ನಿಮ್ಮಂಥೋರಿಗೆ ಕಣೋ, ನನಗೆ ಕೆಳಗೆ ಕೂರೋಕೇ ಆಗಲ್ಲ" ಅಂತ ಮಾತು ಮುಗಿಸ್ತಿದ್ದರು. ಇನ್ನೊಂದು ಕಡೆ ನನ್ನ ಗೆಳೆಯ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರೋನು, ಮೊದಲ ವಾರವೇ ವಿಡಿಯೋ ನೋಡಿ ಹಿಂದಕ್ಕೆ ಬಾಗೋಕೆ ಹೋಗಿ ಸೊಂಟ ಹಿಡಿಸಿಕೊಂಡ. ಒಬ್ಬರು ಶುರುವೇ ಮಾಡಲಿಲ್ಲ, ಇನ್ನೊಬ್ಬ ಶುರು ಮಾಡಿ ಬಿಟ್ಟ. ಇಬ್ಬರಿಗೂ ಯಾರೂ ಹೇಳದ ಮಾತು ಒಂದೇ: ಆ ಕ್ರಮವನ್ನ ಕಟ್ಟಿದ ಮೇಷ್ಟ್ರೇ, ಎದುರಿಗೆ ಬೇರೆ ದೇಹ ಬಂದಾಗ ಅದನ್ನ ಬದಲಿಸಿದ್ದರು.

ಹಾಗಾದರೆ ದಿನನಿತ್ಯ ಏನು ಮಾಡೋದು? ಮೈಸೂರಿಗೂ ಮದ್ರಾಸಿಗೂ ಬದಲಾಗದೆ ಉಳಿದಿದ್ದು ಉಸಿರು. ಕೃಷ್ಣಮಾಚಾರ್ಯರ ಪುಸ್ತಕದ ಕೋಷ್ಟಕದಲ್ಲೂ ಅದೇ, ಮುದುಕರ ಪಾಠದಲ್ಲೂ ಅದೇ. ಹಾಗಾಗಿ ಅಲ್ಲಿಂದ ಶುರು ಮಾಡಿ. ಕುರ್ಚಿ ಆದರೂ ಸರಿ, ಬೆನ್ನು ನೇರ ಮಾಡಿ ಕೂತುಕೊಳ್ಳಿ. ಮೂಗಿನಿಂದ ನಾಲ್ಕು ಎಣಿಸೋವಷ್ಟು ಉಸಿರು ಒಳಗೆ, ಆರು ಎಣಿಸೋವಷ್ಟು ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನ ಆಗುತ್ತೆ, ತಗೊಳ್ಳುವಾಗ ಸ್ವಲ್ಪ ಜೋರಾಗುತ್ತೆ. ಅದಕ್ಕೇ ಬಿಡೋ ಉಸಿರು ಉದ್ದವಾದರೆ ಮೈ ಸಡಿಲ ಆಗೋದು. ಐದು ನಿಮಿಷ ಸಾಕು. ಬಿ.ಪಿ., ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಉಸಿರು ತಡೆಹಿಡಿಯೋ ಅಭ್ಯಾಸಕ್ಕೆ ಹೋಗಬೇಡಿ, ಡಾಕ್ಟರನ್ನ ಕೇಳದೆ ಏನೂ ಶುರು ಮಾಡಬೇಡಿ.

ಆಮೇಲೆ ಅದೇ ಉಸಿರನ್ನ ಯಾವುದಾದರೂ ಒಂದು ಚಲನೆಗೆ ಜೋಡಿಸಿ. ಕೈ ಮೇಲೆತ್ತುವಾಗ ಒಳಗೆ, ಇಳಿಸುವಾಗ ಹೊರಗೆ. ಉಸಿರು ಕಟ್ಟಿದ ಹಾಗೆ ಆಯ್ತಾ, ಮುಖ ಬಿಗಿಯಾಯ್ತಾ, ಅಲ್ಲಿಗೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ಪತಂಜಲಿ ಕೇಳಿದ ಸ್ಥಿರತೆ, ಹಿತ ಎರಡೂ ಇದೆಯಾ ಅಂತ ನೋಡೋಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಕೊನೆಗೆ ಎರಡು ನಿಮಿಷ ಸುಮ್ಮನೆ ಕೂತು, ಬಂದುಹೋಗೋ ಉಸಿರನ್ನ ಗಮನಿಸಿ. ಧ್ಯಾನದ ಕಡೆಗೆ ಮೊದಲ ಹೆಜ್ಜೆ ಅಷ್ಟೇ. ನಮ್ಮಮ್ಮ ಈಗ ಊಟದ ಮೇಜಿನ ಕುರ್ಚಿಯಲ್ಲೇ ಇದನ್ನ ಮಾಡ್ತಾರೆ. ಮಂಡಿ ನೋವು ಹೋಗಿಲ್ಲ. "ರಾತ್ರಿ ಸ್ವಲ್ಪ ಬೇಗ ನಿದ್ದೆ ಹತ್ತುತ್ತೆ" ಅಂತಾರೆ.

ಮುಗಿಸೋ ಮುಂಚೆ ಒಂದು ಮಾತು. ಜಗತ್ತಿನ ಯಾವ ಊರಿನ ಅಷ್ಟಾಂಗ ಶಾಲೆಗೆ ಹೋದರೂ ಮೈಸೂರು ಸ್ಟೈಲ್ ಅನ್ನೋ ಒಂದು ತರಗತಿ ಇರುತ್ತೆ. ಮೇಷ್ಟ್ರು ಮುಂದೆ ನಿಂತು ಎಲ್ಲರಿಗೂ ಒಟ್ಟಿಗೆ ಆಜ್ಞೆ ಕೊಡೋ ಕ್ಲಾಸ್ ಅಲ್ಲ ಅದು. ಒಂದೇ ಹಾಲ್‌ನಲ್ಲಿ ಹತ್ತಾರು ಜನ, ಒಬ್ಬೊಬ್ಬರೂ ತಮ್ಮ ಉಸಿರಿನ ವೇಗಕ್ಕೆ, ತಮಗೆ ಎಲ್ಲಿವರೆಗೆ ಕಲಿಸಿದ್ದಾರೋ ಅಲ್ಲಿವರೆಗೆ ಮಾಡ್ತಿರ್ತಾರೆ. ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಹೋಗಿ ನೋಡ್ತಾರೆ. ಪಕ್ಕದವರು ಯಾವ ಆಸನದಲ್ಲಿದ್ದಾರೆ ಅನ್ನೋದು ನಿಮ್ಮ ಲೆಕ್ಕಕ್ಕೆ ಬರೋದಿಲ್ಲ. ನಮ್ಮ ಊರಿನ ಹೆಸರಲ್ಲಿ ಜಗತ್ತು ಕಲಿತಿರೋ ಈ ಕ್ರಮವನ್ನ ನಾವೂ ನಮ್ಮ ಮನೆಯ ಮ್ಯಾಟ್ ಮೇಲೆ ಪಾಲಿಸಬಹುದಲ್ವಾ? ಮುಂದಿನ ಸಲ ಆ್ಯಪ್ ತೆರೆದಾಗ, ಶುರು ಒತ್ತೋ ಮುಂಚೆ ಒಂದು ಕ್ಷಣ ಯೋಚಿಸಿ: ಇದನ್ನ ಯಾರಿಗಾಗಿ ಕಟ್ಟಿದ್ದು, ಇವತ್ತು ಮಾಡ್ತಿರೋದು ಯಾರು?

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯೋಗ ನನಗಾಗಲ್ಲ ಅನ್ನೋರು ಇದ್ದರೆ ಈ ಸಂಚಿಕೆಯನ್ನ ಅವರಿಗೂ ಕೇಳಿಸಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಬರ್ತೀನಿ.